ತೋಳು ಒತ್ತಿ ನೋಡಿದರೆ ಮಾತ್ರೆಯ ಹಿತಾಹಿತ ತಿಳಿಯದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕಿನಿಸಿಯಾಲಜಿ ಎಂಬ ಪದ್ಧತಿಯ ಬಗ್ಗೆ ಬಂದ ಬರಹವನ್ನು ಓದಿದೆ. ಈ ವೃತ್ತಿಯ ತರಬೇತಿ ಪಡೆದವರು ತಮ್ಮಲ್ಲಿಗೆ ಬಂದವರ ತೋಳನ್ನು ಮೆಲ್ಲನೆ ಒತ್ತಿ ನೋಡಿ, ಅವರಿಗೆ ಯಾವ ಆಹಾರ ಒಗ್ಗುತ್ತದೆ, ಯಾವ ಔಷಧಿ ಒಗ್ಗದು, ಯಾವ ಅಂಗ ಬಳಲಿದೆ ಎಂಬುದನ್ನೆಲ್ಲ ರಕ್ತಪರೀಕ್ಷೆಯ ಗೊಡವೆಯೇ ಇಲ್ಲದೆ ತಿಳಿಯಬಲ್ಲರೆಂದೂ, ಇದು ಫಿಸಿಯೋಥೆರಪಿಯದೇ ಒಂದು ಮುಂದುವರಿದ ಶಾಖೆಯೆಂದೂ ಅದರಲ್ಲಿ ಹೇಳಲಾಗಿದೆ. ಮುಂಬಯಿಯ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ 31 ವರ್ಷ ಫಿಸಿಯೋಥೆರಪಿಸ್ಟ್ ಆಗಿ ದುಡಿದು ನಿವೃತ್ತಳಾಗಿರುವ ನನಗೆ ಈ ಎರಡನೆಯ ಮಾತು ಹೆಚ್ಚು ಚುಚ್ಚಿತು. ಮೊದಲನೆಯದನ್ನು ಜನ ನಂಬುವುದಕ್ಕೆ ಎರಡನೆಯದೇ ಆಸರೆಯಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ಚಿಕ್ಕಮ್ಮ ಮುಂಬಯಿ ಬಳಿಯ ಕಲ್ಯಾಣ ಊರಿನಲ್ಲಿದ್ದಾರೆ. ವಯಸ್ಸು 67, ಸಕ್ಕರೆ ಕಾಯಿಲೆ ಬಂದು 12 ವರ್ಷವಾಯಿತು. ಕಳೆದ ಚಳಿಗಾಲದಲ್ಲಿ ಅವರ ಬಡಾವಣೆಯ ಸಭಾಂಗಣದಲ್ಲಿ ನಡೆದ ಆರೋಗ್ಯ ಶಿಬಿರಕ್ಕೆ ನೆರೆಯವರ ಜೊತೆ ಹೋಗಿದ್ದರು. ಅಲ್ಲಿದ್ದವರು ಅವರ ಎಡಗೈಯಲ್ಲಿ ಅವರು ಸಕ್ಕರೆ ಕಾಯಿಲೆಗೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಸ್ಟ್ರಿಪ್ಪನ್ನು ಹಿಡಿಸಿ, ಬಲಗೈಯನ್ನು ಮುಂದಕ್ಕೆ ಚಾಚಿಸಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒತ್ತಿದರು. ಕೈ ಕೆಳಗಿಳಿಯಿತು. "ನೋಡಿ ಅಮ್ಮಾ, ನಿಮ್ಮ ದೇಹವೇ ಇದು ಬೇಡ ಅನ್ನುತ್ತಿದೆ" ಎಂದರಂತೆ. ಮಾತ್ರೆ ನಿಲ್ಲಿಸಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಹೇಳಬೇಕು. ಹೇಳುವ ಅಗತ್ಯವೂ ಇರಲಿಲ್ಲ, ಚಿಕ್ಕಮ್ಮ ತಾವಾಗಿಯೇ ನಿಲ್ಲಿಸಿದ್ದರು. ಆರು ವಾರದ ಮೇಲೆ ನಾನು ಅವರ ಮನೆಗೆ ಹೋದಾಗ ಬಲಗಾಲಿನ ಹೆಬ್ಬೆರಳಿನ ಕೆಳಗೆ ಹೊಸ ಚಪ್ಪಲಿ ಉಜ್ಜಿ ಆದ ಹುಣ್ಣು ಕಂಡಿತು. ಅದು ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ, ಏಕೆಂದರೆ ಅಂಗಾಲಿನ ಸ್ಪರ್ಶ ಆಗಲೇ ಮಂದವಾಗಿತ್ತು. ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿಸಿದ ಸಕ್ಕರೆ 262 ಇತ್ತು. "ಅದೂ ನೀನು ಮಾಡುವ ಕೆಲಸದ ತರಹದ್ದೇ ಅಂತ ಹೇಳಿದರಲ್ಲೇ, ಅದಕ್ಕೇ ನಂಬಿದೆ" ಎಂದು ಚಿಕ್ಕಮ್ಮ ಅಂದದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಗೊಂದಲ ಹುಟ್ಟುವುದು ಹೆಸರಿನಿಂದ. ಕಿನಿಸಿಯಾಲಜಿ ಎಂದರೆ ಚಲನೆಯ ಶಾಸ್ತ್ರ. ಗ್ರೀಕಿನ 'ಕಿನೆಸಿಸ್', ಅಂದರೆ ಚಲನೆ ಎಂಬ ಪದದಿಂದ ಬಂದದ್ದು. ಯಾವ ಸ್ನಾಯು ಯಾವ ಕೀಲನ್ನು ಯಾವ ಕೋನದಲ್ಲಿ ಎಷ್ಟು ಬಲದಿಂದ ತಿರುಗಿಸುತ್ತದೆ ಎಂಬ ಲೆಕ್ಕವನ್ನು ನಾವು ಕಾಲೇಜಿನ ಮೊದಲ ವರ್ಷಗಳಲ್ಲೇ ಕಲಿಯುತ್ತೇವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಈ ಶಾಸ್ತ್ರ ಓದಿದವರು 2013ರಿಂದ ಕಾನೂನುಬದ್ಧವಾಗಿ ನೋಂದಾಯಿತ ಆರೋಗ್ಯ ವೃತ್ತಿಯವರು. ಅದೇ ಹೆಸರಿನ ಇನ್ನೊಂದು ಪದ್ಧತಿ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ. ಜಾರ್ಜ್ ಗುಡ್‌ಹಾರ್ಟ್ ಎಂಬ ಕೈರೊಪ್ರಾಕ್ಟರ್ (ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು), ಒಂದೊಂದು ಸ್ನಾಯುವಿಗೂ ಒಂದೊಂದು ಒಳ ಅಂಗದ ಜೊತೆ ನಂಟಿದೆ, ಸ್ನಾಯು ಸೋತರೆ ಆ ಅಂಗ ಸೋತಿದೆ ಎಂದು ತಿಳಿಯಬಹುದು ಎಂಬ ಮಾತನ್ನು ಹೊರಡಿಸಿದರು. ಅವರ ಬಳಗದ ಜಾನ್ ಥೀ ಅದನ್ನು ಚೀನೀ ವೈದ್ಯದಲ್ಲಿ ಶಕ್ತಿ ಹರಿಯುವ ದಾರಿಗಳೆನ್ನುವ 14 ನಾಡಿಪಥಗಳಿಗೆ ಹೊಂದಿಸಿ 1973ರಲ್ಲಿ ಮನೆಮಂದಿಯೂ ಮಾಡಬಹುದಾದ ಸರಳ ರೂಪಕ್ಕೆ ತಂದರು. ಮುಂದೆ ನ್ಯೂಜಿಲೆಂಡಿನ ವೈದ್ಯ ಬ್ರೂಸ್ ಡ್ಯೂಯಿ ಅದನ್ನು ಹಂತಹಂತದ ವೃತ್ತಿ ತರಬೇತಿಯಾಗಿ ಬೆಳೆಸಿದರು. ತಮ್ಮ ಪುರವಣಿ ಹೊಗಳಿದ್ದು ಈ ಎರಡನೆಯ ವಂಶದ ಪದ್ಧತಿಯನ್ನು.

ಆದರೆ ಸ್ನಾಯುವನ್ನು ಕೈಯಿಂದ ಒತ್ತಿ ಪರೀಕ್ಷಿಸುವ ವಿದ್ಯೆ ಗುಡ್‌ಹಾರ್ಟ್ ಅವರದಲ್ಲ. ಅದು ಪೋಲಿಯೊ ಕೊಟ್ಟ ವಿದ್ಯೆ. 1910ರ ದಶಕದಲ್ಲಿ ಅಮೆರಿಕದ ಮೂಳೆವೈದ್ಯ ರಾಬರ್ಟ್ ಲವೆಟ್ ಮತ್ತು ಅವರ ಸಂಗಡಿಗರು ಪೋಲಿಯೊ ತಗಲಿದ ಮಕ್ಕಳ ಯಾವ ಸ್ನಾಯು ಎಷ್ಟು ಉಳಿದಿದೆ ಎಂದು ತಿಳಿಯಲು ಇದನ್ನು ಕ್ರಮಕ್ಕೆ ತಂದರು. ಇಂದು ಜಗತ್ತಿನಾದ್ಯಂತ ಬಳಸುವ 0ರಿಂದ 5ರವರೆಗಿನ ಅಳತೆಯನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1943ರಲ್ಲಿ ಪ್ರಕಟಿಸಿತು: ಏನೂ ಅಲುಗದಿದ್ದರೆ 0, ನೆಲದ ಸೆಳೆತವನ್ನು ಮೀರಿ ಎತ್ತಬಲ್ಲರಾದರೆ 3, ಪೂರ್ತಿ ಒತ್ತಡ ತಡೆದರೆ 5. ನಮ್ಮ ಮುಂಬಯಿಗೂ ಈ ಕಥೆಗೂ ನೇರ ಸಂಬಂಧವಿದೆ. 1952ರಲ್ಲಿ ಈ ನಗರದಲ್ಲಿ ಪೋಲಿಯೊ ಹಬ್ಬಿದ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಯಿತು. 1955ರಲ್ಲಿ ಹಾಜಿ ಅಲಿಯ ಬಳಿ ಅಖಿಲ ಭಾರತ ಮಟ್ಟದ ಪುನರ್ವಸತಿ ಸಂಸ್ಥೆ ಬಂತು. ಅಲ್ಲಿ ಕಲಿತು ಬಂದ ಹಿರಿಯರು ನಮಗೆ ಮೊದಲ ದಿನವೇ ಹೇಳುತ್ತಿದ್ದ ಮಾತೆಂದರೆ, ನೀವು ಒತ್ತಿ ನೋಡುವುದು ಸ್ನಾಯುವನ್ನು ಮತ್ತು ಅದಕ್ಕೆ ಬರುವ ನರವನ್ನು, ಅಷ್ಟನ್ನು ಮಾತ್ರ.

ಅಷ್ಟನ್ನು ಸರಿಯಾಗಿ ನೋಡುವುದೂ ಸುಲಭವಲ್ಲ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಭಾರ, ಅಂಚಿನಲ್ಲಿ ತಳ್ಳಿದರೆ ಹಗುರ ಎಂಬುದು ಮಕ್ಕಳಿಗೂ ಗೊತ್ತು. ಚಾಚಿದ ತೋಳೂ ಒಂದು ಬಾಗಿಲೇ. ಮೊಣಕೈ ಬಳಿ ಒತ್ತಿದಾಗ ಕದಲದ ತೋಳು, ಅದೇ ಬಲವನ್ನು ಮಣಿಕಟ್ಟಿನ ಮೇಲೆ ಹಾಕಿದರೆ ಇಳಿಯುತ್ತದೆ, ಏಕೆಂದರೆ ಭುಜದ ಮೇಲೆ ಬೀಳುವ ತಿರುಗುಬಲ ಅಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಮೊದಲ ಸಲ 'ತಡೆಯಿರಿ' ಎಂದು ಹೇಳಿ ಒಂದು ಕ್ಷಣ ಬಿಟ್ಟು ಒತ್ತುವುದಕ್ಕೂ, ಎರಡನೆಯ ಸಲ ಹೇಳುವುದರೊಳಗೇ ಒತ್ತಿಬಿಡುವುದಕ್ಕೂ ವ್ಯತ್ಯಾಸವಿದೆ. ಐದಾರು ಸಲ ಒತ್ತಿಸಿಕೊಂಡ ತೋಳು ದಣಿಯುತ್ತದೆ. ಭುಜ ನೋವಿದ್ದರೆ ಬಲವಿದ್ದೂ ತೋಳು ಸೋಲುತ್ತದೆ. ಇವನ್ನೆಲ್ಲ ಒಂದೇ ಸಮ ಇಡಲು ನಮಗೆ ವರ್ಷಗಟ್ಟಲೆ ಅಭ್ಯಾಸ ಬೇಕಾಯಿತು. ಆಗಲೂ ಒಬ್ಬರು 4 ಎಂದದ್ದನ್ನು ಮತ್ತೊಬ್ಬರು 5 ಎನ್ನುತ್ತಿದ್ದೆವು. ಹೀಗಿರುವಾಗ ಎಡಗೈಯಲ್ಲಿ ಹಿಡಿದ ಮಾತ್ರೆಯ ಹಿತಾಹಿತವನ್ನು ಬಲಗೈ ಹೇಳುತ್ತದೆ ಎಂದರೆ, ಅಲ್ಯೂಮಿನಿಯಂ ಹಾಳೆಯೊಳಗೆ ಕೂತ ಮಾತ್ರೆ ಯಾವ ದಾರಿಯಿಂದ ಭುಜದ ಸ್ನಾಯುವನ್ನು ತಲುಪಿತು ಎಂದಾದರೂ ಕೇಳಬೇಡವೇ?

ಒತ್ತುವವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ನಾನು ಮಾತನಾಡಿಸಿದ ಇಬ್ಬರು ಮೂವರು ತಮ್ಮ ಬೆರಳಿಗೆ ತಿಳಿದದ್ದನ್ನು ಮನಃಪೂರ್ವಕವಾಗಿ ನಂಬಿದವರು. ಊರ ಕಡೆ ಬೋರ್‌ವೆಲ್ ತೋಡಿಸುವ ಮುಂಚೆ ಅಂಗೈಯ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುವವರನ್ನು ಅನೇಕ ಓದುಗರು ನೋಡಿರುತ್ತಾರೆ. ನೀರಿದೆ ಎನಿಸಿದ ಕಡೆ ಕಾಯಿ ಎದ್ದು ನಿಲ್ಲುತ್ತದೆ. ಎಬ್ಬಿಸಿದ್ದು ತನ್ನದೇ ಅಂಗೈ ಎಂಬುದು ಹಿಡಿದವರಿಗೂ ತಿಳಿದಿರುವುದಿಲ್ಲ. ಮನಸ್ಸಿನ ನಿರೀಕ್ಷೆ ಅರಿವಿಗೆ ಬಾರದಂತೆ ಸ್ನಾಯುವನ್ನು ಅಲುಗಿಸುವ ಈ ವಿದ್ಯಮಾನವನ್ನು ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿ ಹೆಸರಿಟ್ಟಿದ್ದರು. ತೋಳಿನ ಪರೀಕ್ಷೆಯಲ್ಲಿ ಇದು ಇಬ್ಬರಲ್ಲೂ ಕೆಲಸ ಮಾಡುತ್ತದೆ: ಒತ್ತುವವರ ಬೆರಳು ತುಸು ಹೆಚ್ಚು ಒತ್ತುತ್ತದೆ, ಒತ್ತಿಸಿಕೊಳ್ಳುವವರ ತೋಳು ತುಸು ಬೇಗ ಬಿಟ್ಟುಕೊಡುತ್ತದೆ.

ಇದನ್ನು ತೀರ್ಮಾನಿಸಲು ಒಂದೇ ದಾರಿ. ಕೈಯಲ್ಲಿರುವುದು ಏನೆಂದು ಇಬ್ಬರಿಗೂ ತಿಳಿಯದಂತೆ ಮಾಡುವುದು. ಚಿಕ್ಕಮ್ಮನ ಪ್ರಸಂಗದ ಮೇಲೆ ಅದೇ ತಂಡದ ಇನ್ನೊಂದು ಶಿಬಿರಕ್ಕೆ ನಾನೇ ಹೋದೆ. ಒಂದೇ ಬಗೆಯ ಆರು ಪುಟ್ಟ ಡಬ್ಬಿಗಳಲ್ಲಿ ಮೂರಕ್ಕೆ ಸಕ್ಕರೆ, ಮೂರಕ್ಕೆ ಉಪ್ಪು ತುಂಬಿಸಿ, ಮೊಮ್ಮಗನಿಂದ ಕಾಗದ ಸುತ್ತಿಸಿ ಅದಲುಬದಲು ಮಾಡಿಸಿ ಒಯ್ದಿದ್ದೆ. ಶಿಬಿರದವರು ಸೌಜನ್ಯದಿಂದಲೇ ಒಪ್ಪಿದರು. ಆರರಲ್ಲಿ ಮೂರು ಸರಿಯಾಯಿತು. ಆರು ಡಬ್ಬಿಗಳಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ನನಗೆ ಗೊತ್ತಿದೆ, ಅದನ್ನು ಅವರಿಗೂ ಹೇಳಿದೆ. ಆದರೆ ಅವರು ಕೊಟ್ಟ ಕಾರಣ, ಪಕ್ಕದಲ್ಲಿ ಸಂದೇಹಪಡುವವರು ನಿಂತರೆ ಶಕ್ತಿ ಹರಿಯುವುದಿಲ್ಲ ಎಂಬುದು. ಸಂದೇಹಪಟ್ಟರೆ ಕೆಡುವ ಪರೀಕ್ಷೆಯ ಈ ವಿವರಣೆಯನ್ನು ತಾಳ್ಮೆಯಿಂದ ಕೇಳಿಕೊಂಡು ಮನೆಗೆ ಬಂದೆ.

ನನ್ನ ಡಬ್ಬಿಗಳಿಗಿಂತ ಗಟ್ಟಿಯಾದ ಪ್ರಯೋಗಗಳು ನಡೆದಿವೆ. 1988ರಲ್ಲಿ ಅಮೆರಿಕದಲ್ಲಿ ಅನುಭವಸ್ಥರಾದ ಮೂವರು ಪರೀಕ್ಷಕರು 11 ಜನರನ್ನು ಬೇರೆಬೇರೆಯಾಗಿ ಪರೀಕ್ಷಿಸಿ ಥಯಾಮಿನ್ (ವಿಟಮಿನ್ ಬಿ1), ಸತು, ವಿಟಮಿನ್ ಎ ಮತ್ತು ವಿಟಮಿನ್ ಸಿ ಕೊರತೆ ಯಾರಿಗಿದೆ ಎಂದು ಹೇಳಬೇಕಿತ್ತು. ಒಬ್ಬರ ಉತ್ತರಕ್ಕೂ ಇನ್ನೊಬ್ಬರದಕ್ಕೂ ತಾಳೆಯಾಗಲಿಲ್ಲ, ಪ್ರಯೋಗಾಲಯದ ಫಲಿತಾಂಶಕ್ಕೂ ಹೊಂದಲಿಲ್ಲ. ಕಣಜದ ಹುಳದ ವಿಷದ ಅಲರ್ಜಿ ಇರುವವರ ಮೇಲೆ ಮಾಡಿ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲೂ ತೋಳಿನ ಪರೀಕ್ಷೆ ಊಹೆಗಿಂತ ಮೇಲಾಗಲಿಲ್ಲ. ಮಕ್ಕಳ ಆಹಾರ ಅಲರ್ಜಿಯನ್ನು ಕಂಡುಹಿಡಿಯಲು ಇದನ್ನು ಬಳಸಬಾರದು ಎಂದು ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2011ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಸರ್ಕಾರದ ಸಹಾಯಧನವಿರುವ ಖಾಸಗಿ ಆರೋಗ್ಯ ವಿಮೆಯಿಂದ ಆಸ್ಟ್ರೇಲಿಯಾ 2019ರ ಏಪ್ರಿಲ್ 1ರಂದು ಹೊರಗಿಟ್ಟ 16 ಪದ್ಧತಿಗಳಲ್ಲಿ ಕಿನಿಸಿಯಾಲಜಿಯೂ ಒಂದು. (ಆಗಿನ ಆ ಪಟ್ಟಿಯಲ್ಲಿ ಯೋಗವೂ ಇತ್ತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ, ಆದ್ದರಿಂದ ಪಟ್ಟಿಗಿಂತ ಪ್ರಯೋಗಗಳನ್ನೇ ನಾನು ಮುಖ್ಯವಾಗಿ ಹಿಡಿಯುತ್ತೇನೆ.)

ಹಾಗಾದರೆ ಚಲನೆಯನ್ನು ನೋಡಿ ಆರೋಗ್ಯವನ್ನು ಅಳೆಯಲಾಗದೇ ಎಂದರೆ, ಧಾರಾಳವಾಗಿ ಅಳೆಯಬಹುದು, ಮತ್ತು ಅದು ತೋಳು ಒತ್ತುವುದಕ್ಕಿಂತ ಎಷ್ಟೋ ಸ್ವಾರಸ್ಯದ ಕೆಲಸ. ನಮ್ಮಲ್ಲಿಗೆ ಬಂದವರು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಾಗಲೇ ಪರೀಕ್ಷೆ ಅರ್ಧ ಮುಗಿದಿರುತ್ತದೆ. ಎರಡು ಹೆಜ್ಜೆಗಳ ಅಂತರ ಸಮವೇ, ಕೈ ಬೀಸುತ್ತದೆಯೇ, ತಿರುಗುವಾಗ ಗೋಡೆ ಹುಡುಕುತ್ತಾರೆಯೇ ಎಂದು ನೋಡಬೇಕು. ಆಮೇಲೆ ಮಾತು. ನೋವು ಎಲ್ಲಿ ಎಂದು ಕೇಳುವುದಕ್ಕಿಂತ, ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಎಷ್ಟನೆಯ ಮೆಟ್ಟಿಲಲ್ಲಿ ನಿಲ್ಲುತ್ತೀರಿ, ಲೋಕಲ್ ಗಾಡಿಯ ಮೇಲಿನ ಹಿಡಿಕೆ ಹಿಡಿಯಲಾಗುತ್ತದೆಯೇ, ನೆಲದ ಮೇಲೆ ಕೂತು ಪೂಜೆ ಮಾಡಿದ ಮೇಲೆ ಹೇಗೆ ಏಳುತ್ತೀರಿ ಎಂದು ಕೇಳಿದರೆ ನಿಜವಾದ ಉತ್ತರ ಬರುತ್ತದೆ. ಯಾವ ಮಾತ್ರೆ, ಎಷ್ಟು ದಿನದಿಂದ, ಹಿಂದೆ ಯಾವ ಶಸ್ತ್ರಚಿಕಿತ್ಸೆ, ಮನೆಯಲ್ಲಿ ಯಾರಿಗೆ ಏನಿತ್ತು ಎಂಬುದನ್ನು ಬರೆದುಕೊಳ್ಳಬೇಕು. ವ್ಯಾಯಾಮ ಹೇಳಿಕೊಡುವ ಮುಂಚೆ ರಕ್ತದೊತ್ತಡ ಮತ್ತು ನಾಡಿ ಬಡಿತ ನೋಡಲೇಬೇಕು. ಅಚ್ಚರಿಯೆಂದರೆ ತಾವು ಕೊಂಡಾಡಿದ ಶಿಬಿರದ ಪಟಗಳಲ್ಲಿ ಬಿಪಿ ಯಂತ್ರವೇ ಕಾಣಲಿಲ್ಲ.

ಅಳತೆಗಳೂ ಕೈಗೆಟಕುವಂಥವೇ. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ, ನಡಿಗೆ ಸೆಕೆಂಡಿಗೆ ಒಂದು ಮೀಟರಿಗಿಂತ ನಿಧಾನವಾದರೆ, ಹಿಡಿತದ ಬಲ ಗಂಡಸರಲ್ಲಿ 28 ಕಿಲೊ, ಹೆಂಗಸರಲ್ಲಿ 18 ಕಿಲೊಗಿಂತ ಕಡಿಮೆಯಾದರೆ ವಯಸ್ಸಾದವರಲ್ಲಿ ಸ್ನಾಯು ಕರಗುತ್ತಿರಬಹುದು ಎಂದು ಏಷ್ಯಾದ ತಜ್ಞರ ತಂಡ 2019ರಲ್ಲಿ ಗೆರೆ ಹಾಕಿಕೊಟ್ಟಿದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಸಕ್ಕರೆ ನೋಡಿಸಿಕೊಳ್ಳಿ ಎಂದು ನಾವು ಹೇಳುತ್ತೇವೆ. ಸಕ್ಕರೆ ಕಾಯಿಲೆಯವರ ಅಂಗಾಲಿಗೆ 10 ಗ್ರಾಂ ಒತ್ತಡದಲ್ಲಿ ಬಾಗುವ ನೈಲಾನ್ ಎಳೆಯನ್ನು ಮುಟ್ಟಿಸಿ ಸ್ಪರ್ಶ ಉಳಿದಿದೆಯೇ ನೋಡುತ್ತೇವೆ. ಚಿಕ್ಕಮ್ಮನ ತೋಳನ್ನು ಒತ್ತಿದ ಅಷ್ಟೇ ಹೊತ್ತಿನಲ್ಲಿ ಇದೊಂದನ್ನು ಮಾಡಿದ್ದರೂ ಸಾಕಿತ್ತು. ಇವುಗಳಲ್ಲಿ ಯಾವುದೂ ರೋಗವನ್ನು ತೀರ್ಮಾನಿಸುವುದಿಲ್ಲ. ಯಾರ ಬಳಿಗೆ, ಎಷ್ಟು ಬೇಗ ಕಳಿಸಬೇಕು ಎಂದು ತೋರಿಸುತ್ತವೆ.

ಕಳಿಸುವುದು ಎಂಬ ಈ ಮಾತಿನ ಮೇಲೆ ಇನ್ನಷ್ಟು ಹೇಳಬೇಕು. ಬೆನ್ನುನೋವೆಂದು ಬಂದವರಿಗೆ ರಾತ್ರಿ ನಿದ್ದೆಯಲ್ಲೂ ನೋವಿದ್ದು, ಸಂಜೆ ಜ್ವರ ಬರುತ್ತಿದ್ದು, ತೂಕ ಇಳಿಯುತ್ತಿದ್ದರೆ ಬೆನ್ನುಮೂಳೆಯ ಕ್ಷಯವನ್ನು ಈ ಊರಿನಲ್ಲಿ ನಾವು ಮೊದಲು ನೆನೆಯುತ್ತೇವೆ. ಕೂರುವ ಭಾಗ ಮರಗಟ್ಟಿ ಮೂತ್ರದ ಮೇಲೆ ಹಿಡಿತ ತಪ್ಪಿದ್ದರೆ ಅಂದೇ ಆಸ್ಪತ್ರೆಗೆ ಓಡಿಸುತ್ತೇವೆ. ವರ್ಷಗಳ ಹಿಂದೆ ಉಡುಪಿ ಕಡೆಯವರೊಬ್ಬರು, ಹೋಟೆಲಿನಲ್ಲಿ ದೋಸೆ ಹುಯ್ಯುವವರು, ಎಡ ಭುಜದ ನೋವೆಂದು ಬಂದಿದ್ದರು. ದಿನಕ್ಕೆ ಹತ್ತು ತಾಸು ಕಾವಲಿಯ ಮುಂದೆ ನಿಲ್ಲುವ ಕೆಲಸ, ಭುಜ ಸವೆದಿರಬೇಕು ಎಂದು ಅವರೇ ತೀರ್ಮಾನಿಸಿದ್ದರು. ತೋಳನ್ನು ಒತ್ತಿ ನೋಡಿದರೆ ಪೂರ್ತಿ 5. ಎಲ್ಲ ದಿಕ್ಕಿಗೂ ತಿರುಗಿಸಿದರೂ ನೋವಿಲ್ಲ. ಆದರೆ ಹಿಟ್ಟಿನ ಪಾತ್ರೆ ಹಿಡಿದು ಮೆಟ್ಟಿಲೇರಿದಾಗ ನೋವು, ನಿಂತರೆ ಎರಡು ನಿಮಿಷದಲ್ಲಿ ಮಾಯ. ಇದು ಭುಜದ ಸ್ವಭಾವವಲ್ಲ. ನಾನು ಅವರಿಗೆ ಒಂದು ವ್ಯಾಯಾಮವನ್ನೂ ಹೇಳಿಕೊಡದೆ ಕೆಳಗಿನ ಮಹಡಿಯ ಇಸಿಜಿ ಕೋಣೆಗೆ ಕರೆದೊಯ್ದೆ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಬಲವಾಗಿದ್ದ ಆ ತೋಳನ್ನು ಒತ್ತಿ ನೋಡಿ ಯಾರಾದರೂ 'ನಿಮ್ಮ ಹೃದಯ ಗಟ್ಟಿಯಾಗಿದೆ' ಎಂದಿದ್ದರೆ?

ಜನ ಇಂಥ ಶಿಬಿರಗಳಿಗೆ ಏಕೆ ಹೋಗುತ್ತಾರೆ ಎಂಬುದು ನನಗೆ ಅರ್ಥವಾಗದ ಸಂಗತಿಯಲ್ಲ, ಮತ್ತು ಅಲ್ಲಿ ನಮ್ಮ ತಪ್ಪೂ ಇದೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಏಳೆಂಟು ನಿಮಿಷ ಸಿಕ್ಕರೆ ಹೆಚ್ಚು. ನಾನೇ ಎಷ್ಟೋ ಸಲ ಮುಖ ನೋಡದೆ ಚೀಟಿ ನೋಡಿದ್ದೇನೆ. ಶಿಬಿರದಲ್ಲಿ ಚಿಕ್ಕಮ್ಮನ ಮಾತನ್ನು ಮುಕ್ಕಾಲು ಗಂಟೆ ಕೇಳಿದರಂತೆ, ಕನ್ನಡದಲ್ಲಿ, ಕೈ ಹಿಡಿದುಕೊಂಡು. ಕಲ್ಯಾಣದಲ್ಲಿ ಒಬ್ಬರೇ ಇರುವ ಹೆಂಗಸಿಗೆ ಅದು ಸಣ್ಣ ವಿಷಯವಲ್ಲ. ಆ ಕೇಳುವಿಕೆಯನ್ನು ನಾವು ಅವರಿಂದ ಕಲಿಯಬೇಕು. ಆದರೆ ಕೇಳಿಸಿಕೊಂಡವರ ಮಾತನ್ನು ಜನ ಹೆಚ್ಚು ನಂಬುತ್ತಾರೆ. ಅಷ್ಟರ ಮಟ್ಟಿಗೆ ಅವರ ಹೊಣೆಯೂ ಹೆಚ್ಚು.

ಹೊಣೆಯ ವಿಷಯ ಬಂದಾಗ ಈ ವೃತ್ತಿಯವರು ತಮ್ಮಲ್ಲಿಗೆ ಬಂದವರನ್ನು 'ಕ್ಲೈಂಟ್' ಎನ್ನುತ್ತಾರೆ, ರೋಗಿ ಎನ್ನುವುದಿಲ್ಲ. ನಾವು ರೋಗ ಗುರುತಿಸುವುದಿಲ್ಲ, ಶಕ್ತಿಯ ಅಸಮತೋಲನವನ್ನಷ್ಟೇ ನೋಡುತ್ತೇವೆ ಎಂದು ಕಾಗದದಲ್ಲಿ ಸಹಿಯನ್ನೂ ಹಾಕಿಸುತ್ತಾರೆ. ಬಾಯಲ್ಲಿ ಮಾತ್ರ ಲಿವರ್, ಥೈರಾಯ್ಡ್, ಗೋಧಿ, ಹಾಲು ಎಲ್ಲವೂ ಬರುತ್ತವೆ. ಮಾತನಾಡಲು ಬಾರದ ಮಗುವಿನ ಪರೀಕ್ಷೆಯನ್ನು ತಾಯಿಯ ತೋಳು ಒತ್ತಿಯೇ ಮಾಡುವ ಪದ್ಧತಿಯೂ ಇವರಲ್ಲಿದೆ. ಬೆಳೆಯುವ ಮಗುವಿಗೆ ತಾಯಿಯ ಭುಜ ದಣಿದ ಕಾರಣಕ್ಕೆ ಹಾಲು, ಮೊಟ್ಟೆ ನಿಲ್ಲುವುದನ್ನು ನೆನೆದರೆ ಭಯವಾಗುತ್ತದೆ. ಫಿಸಿಯೋಥೆರಪಿಸ್ಟ್ ತಪ್ಪು ಮಾಡಿದರೆ ದೂರು ಕೊಡಲು ಮಹಾರಾಷ್ಟ್ರದಲ್ಲಿ ವೃತ್ತಿ ಪರಿಷತ್ತಿದೆ. ಆರೋಗ್ಯ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆಯೂ ನಮ್ಮ ವೃತ್ತಿಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡಿದೆ. ತೋಳು ಒತ್ತಿ ಆಹಾರ ನಿರ್ಧರಿಸುವವರ ಹೆಸರು ಆ ಅನುಸೂಚಿಯಲ್ಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಎರಡು. ಕಿನಿಸಿಯಾಲಜಿಯ ತೋಳಿನ ಪರೀಕ್ಷೆ ಫಿಸಿಯೋಥೆರಪಿಯ ಶಾಖೆ ಎಂಬ ವಾಕ್ಯಕ್ಕೆ ಅದೇ ಪುರವಣಿಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಪ್ರಕಟಿಸಬೇಕು. ಬರಹದ ಕೊನೆಯಲ್ಲಿ ಶಿಬಿರದ ದಿನ ಮತ್ತು ಶುಲ್ಕ ಕೊಟ್ಟಿರುವುದರಿಂದ ಅದು ಲೇಖನವೋ ಜಾಹೀರಾತೋ ಎಂಬುದನ್ನೂ ತಿಳಿಸಬೇಕು. ಮುಂದಿನ ಶಿಬಿರ ಬರುವ ತಿಂಗಳು ನಮ್ಮ ಡೊಂಬಿವಲಿಯಲ್ಲೇ ಇದೆ ಎಂದು ಓದಿದೆ. ಆ ದಿನ ಸಭಾಂಗಣದ ಹೊರಗೆ ಒಂದು ಮೇಜು ಹಾಕಿಕೊಳ್ಳಲು ಆಯೋಜಕರು ಅನುಮತಿ ಕೊಟ್ಟರೆ, ಬಿಪಿ ಯಂತ್ರ, ಒಂದು ಕುರ್ಚಿ, ಒಂದು ಸ್ಟಾಪ್‌ವಾಚ್ ಮತ್ತು ನೈಲಾನ್ ಎಳೆಯೊಂದಿಗೆ ನಾನು ಉಚಿತವಾಗಿ ಕೂರಲು ಸಿದ್ಧಳಿದ್ದೇನೆ. ಚಿಕ್ಕಮ್ಮ ಮೊದಲನೆಯವರಾಗಿ ಬರುತ್ತೇನೆ ಎಂದಿದ್ದಾರೆ. ಹುಣ್ಣು ಮಾಯಲು ಹನ್ನೊಂದು ವಾರ ಹಿಡಿಯಿತು, ಈಗ ಚಪ್ಪಲಿ ಹಾಕಿಕೊಳ್ಳುವ ಮುಂಚೆ ದಿನವೂ ಅದರೊಳಗೆ ಕೈಯಾಡಿಸಿ ನೋಡುತ್ತಾರೆ.

ತಮ್ಮ ಹಳೆಯ ಓದುಗರಲ್ಲೊಬ್ಬಳು,
ನಿವೃತ್ತ ಫಿಸಿಯೋಥೆರಪಿಸ್ಟ್
ಡೊಂಬಿವಲಿ ಪೂರ್ವ